ದಸರೆಯ ದಿನ ಮಾರಿದ ಡ್ರಮ್ಮು

ಈ ಸಂಗತಿಯನ್ನು ಬರೆಯಲು ನಾನು ತಕ್ಕವನೋ ಅಲ್ಲವೋ ಎಂದು ಬಹಳ ದಿನ ಯೋಚಿಸಿದೆ. ನಾನು ಕನ್ನಡ ಓದಿದ್ದು ಮುಂಬಯಿಯ ರಾತ್ರಿ ಶಾಲೆಯಲ್ಲಿ, ಹಗಲೆಲ್ಲ ದುಡಿದು ಕಣ್ಣು ಎಳೆಯುವ ಹೊತ್ತಿನಲ್ಲಿ. ಕಥೆ ಬರೆಯುವವರಿಗೆ ಇರುವ ಚಾತುರ್ಯ ನನಗಿಲ್ಲ. ಅಲ್ಲದೆ ಇದು ನನ್ನೊಬ್ಬನ ಸಂಗತಿಯಲ್ಲ, ಅನ್ನ ಹಾಕಿದವರ ಮನೆಯ ಮಾತು. ಅದನ್ನು ಹೊರಗೆ ಹೇಳುವ ಧೈರ್ಯ ಮಾಡಿದ್ದಕ್ಕೆ ಓದುವವರೂ ಆ ಮನೆಯವರೂ ಮನ್ನಿಸಬೇಕು. ಕಂಡದ್ದನ್ನು ಕಂಡಂತೆ, ಕೇಳಿದ್ದನ್ನು ಕೇಳಿದ್ದೆಂದೇ ಬರೆಯುತ್ತೇನೆ.

ರೈಲ್ವೆ ಮುಷ್ಕರ ಆದ ವರ್ಷದ ದಸರೆ. ನಾನು ಧಾರಾವಿಯಲ್ಲಿ ಅಣವೀರಪ್ಪ ಕಾಕಾನ ಡ್ರಮ್ಮಿನ ವಖಾರದಲ್ಲಿ ಕೆಲಸಕ್ಕಿದ್ದೆ. ಕಾಕಾ ಇಂಡಿ ಕಡೆಯವರು. ವಖಾರ ಎಂದರೆ ಮೂರು ಕಡೆ ತಗಡಿನ ಗೋಡೆ, ಅರ್ಧಕ್ಕೆ ಮಾತ್ರ ಮಾಡು, ಉಳಿದದ್ದು ಬಯಲು. ಚೆಂಬೂರಿನ ಕಡೆ ಆಗ ಒಂದರ ಪಕ್ಕ ಒಂದು ಕಾರ್ಖಾನೆಗಳು ಏಳುತ್ತಿದ್ದವು. ಅವುಗಳಿಗೆ ಎಣ್ಣೆ, ಬಣ್ಣ, ಅಂಟು, ಸಾಬೂನಿನ ಸಾಮಾನು ತುಂಬಿಕೊಂಡು ಬಂದ ಕಬ್ಬಿಣದ ಡ್ರಮ್ಮುಗಳು ಖಾಲಿಯಾದ ಮೇಲೆ ಗುಜರಿಯವರ ಕೈ ದಾಟಿ ನಮ್ಮ ಓಣಿಗೆ ಬರುತ್ತಿದ್ದವು. ನಾವು ಅವುಗಳೊಳಗೆ ಕಾಸ್ಟಿಕ್ ಸೋಡಾ, ಬಿಸಿನೀರು, ಒಂದು ತುಂಡು ಸರಪಳಿ ಹಾಕಿ ನೆಲದ ಮೇಲೆ ಉರುಳಿಸುತ್ತಿದ್ದೆವು. ಸರಪಳಿ ಒಳಗೋಡೆಗೆ ಬಡಿದು ಹಳೆಯ ಜಿಡ್ಡು ಬಿಡಿಸುತ್ತಿತ್ತು. ಆಮೇಲೆ ಉಳಿಯಿಂದ ಮೇಲಿನ ತಟ್ಟೆ ಕತ್ತರಿಸಿ, ಅಂಚು ಬಡಿದು, ಬಿಸಿಲಿಗೆ ಬೋರಲು ಹಾಕಿದರೆ ನೀರಿನ ಡ್ರಮ್ಮು ತಯಾರು. ಆ ಕಾಲದಲ್ಲಿ ಗುಡಿಸಲುಗಳಿಗೆ ನಳ ಎಲ್ಲಿತ್ತು? ನೀರು ಎಷ್ಟು ಹೊತ್ತಿಗೆ ಬರುತ್ತದೋ ಆಗ ಹಿಡಿದಿಟ್ಟುಕೊಳ್ಳಬೇಕು. ಡ್ರಮ್ಮು ಇಲ್ಲದ ಮನೆ ಮನೆಯೇ ಅಲ್ಲ ಎನ್ನುವಂತಿತ್ತು.

ಕಾಕಾನದು ಒಂದು ಕಟ್ಟುನಿಟ್ಟು ಇತ್ತು. ಹುಳದ ಔಷಧ ಮಾಡುವ ಕಾರ್ಖಾನೆಯ ಡ್ರಮ್ಮು ಎಷ್ಟೇ ತೊಳೆದರೂ ನೀರಿಗೆ ಮಾರಬಾರದು. ಅವನ್ನು ಕಡಿದು, ಬಡಿದು, ತಗಡು ಮಾಡಿಯೇ ಮಾರಬೇಕು. ಬೇರೆ ವಖಾರದವರು ಇದಕ್ಕೆ ನಗುತ್ತಿದ್ದರು. ಕಾಕಾ ಮಾತ್ರ ಬಿಡುತ್ತಿರಲಿಲ್ಲ. ಅದನ್ನು ಇಲ್ಲಿ ಹೇಳದೆ ಹೋದರೆ ಅವರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಆ ಸಲ ಹಬ್ಬದ ಹಿಂದಿನ ದಿನ ಅಂಥವು ಎರಡು ಬಂದವು. ಅವು ಮೊದಲೇ ಬಾಯಿ ತೆರೆದ ಡ್ರಮ್ಮುಗಳು. ಮುಚ್ಚಳ ಬೇರೆ, ಬಿಗಿಯುವ ಪಟ್ಟಿ ಬೇರೆ. ಹೊಟ್ಟೆಯ ಮೇಲೆ ಒಂದು ಕಾಗದ, ಕಾಗದದ ಮೇಲೆ ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಎರಡು ಎಲುಬು. ಹಬ್ಬ ಮುಗಿಸಿ ಕಡಿದರಾಯಿತೆಂದು ಮೂಲೆಗೆ ದಬ್ಬಿದೆವು.

ಮರುದಿನ ಖಂಡೇನವಮಿ. ನಮ್ಮ ಕಡೆಯವರು ಅವತ್ತು ದುಡಿಯುವ ಸಾಮಾನಿಗೆ ಪೂಜೆ ಮಾಡಿ ಇಡುತ್ತಾರೆ, ಯಾವುದನ್ನೂ ಕೆಲಸಕ್ಕೆ ಮುಟ್ಟುವುದಿಲ್ಲ. ಕಾಕಾ ಹೂವು ತರಲು ದಾದರಿಗೆ ಹೋಗಿದ್ದರು. ನಾನು ರಾತ್ರಿ ಶಾಲೆಯ ಸರಸ್ವತಿ ಪೂಜೆಗೆ ಹೋಗಿದ್ದೆ. ವಖಾರವನ್ನು ಸಾರಿಸಿ ಅಣಿ ಮಾಡಿದವರು ಕಾಕಾನ ಹೆಂಡತಿ ಸುಂದ್ರವ್ವ ಕಾಕು ಮತ್ತು ಓಣಿಯ ಹೆಂಗಸರು. ಉಳಿ, ಸುತ್ತಿಗೆ, ಸರಪಳಿ ತೊಳೆದಿಟ್ಟರು. ಡ್ರಮ್ಮುಗಳನ್ನೂ ತೆಂಗಿನ ನಾರು, ಬೂದಿ ಹಾಕಿ ಉಜ್ಜಿ, ಎಲ್ಲವನ್ನೂ ಒಂದೇ ಸಾಲಿಗೆ ಬೋರಲು ಹಾಕಿ, ವಿಭೂತಿ ಎಳೆದು, ಚೆಂಡುಹೂ ಮುಡಿಸಿದರು. ಸಂಜೆ ನಾನು ಬಂದಾಗ ಊದುಬತ್ತಿಯ ಹೊಗೆಯಲ್ಲಿ ವಖಾರ ಗುಡಿಯಂತೆ ಕಂಡಿತು.

ದಶಮಿಯ ದಿನ ಮನೆಗೆ ಹೊಸದೇನಾದರೂ ತಂದರೆ ಒಳ್ಳೆಯದೆಂದು ಎಲ್ಲರೂ ನಂಬುತ್ತಾರೆ. ಬೆಳಗಿನಿಂದಲೇ ಗಿರಾಕಿ. ಕಾಕಾ ಹೊಸ ಪಟಗ ಸುತ್ತಿಕೊಂಡು ತಾವೇ ಒಂದೊಂದು ಡ್ರಮ್ಮನ್ನೂ ತಟ್ಟಿ, ಸದ್ದು ಕೇಳಿಸಿ, ಕೊಡುತ್ತಿದ್ದರು. ಹೂವು ವಿಭೂತಿಯ ಕೆಳಗೆ ಎಲ್ಲ ಡ್ರಮ್ಮೂ ಒಂದೇ ಥರ ಕಾಣುತ್ತಿದ್ದವು. ಅಂಥ ಸಂತೋಷದಲ್ಲಿ ಅವರನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಅದರ ಮರುದಿನ ಮುಂಜಾನೆ ಸುಂದ್ರವ್ವ ಕಾಕು ಚಹಾ ತಂದುಕೊಟ್ಟಾಗ ಅವರ ಅಂಗೈ ನೋಡಿದೆ. ಕೆಂಪಗೆ ಬಾತು ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ಲೋಟ ಹಿಡಿಯಲೂ ಆಗದೆ ಸೆರಗು ಸುತ್ತಿಕೊಂಡಿದ್ದರು. ಏನಾಯಿತೆಂದು ಕೇಳಿದೆ.

"ಪೂಜಿ ಅರಿಷಿಣ ಕೈಗೆ ಒಗ್ಗಿಲ್ಲ ಕಾಣ್ತೈತಿ," ಎಂದರು. "ಈ ಊರಾಗ ಅರಿಷಿಣಕ್ಕೂ ಏನೇನೋ ಬೆರಸ್ತಾರ."

ಆಗ ನನ್ನ ಕಣ್ಣು ಮೂಲೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಆ ಎರಡು ಡ್ರಮ್ಮು ಎಲ್ಲಿ ಎಂದೆ. ಎಲ್ಲವನ್ನೂ ಸಾಲಿಗೆ ಇಟ್ಟೆವಲ್ಲ ಎಂದರು. ಅವುಗಳ ಮೇಲೆ ಕಾಗದ ಇತ್ತಲ್ಲ ಎಂದೆ.

"ಅದನ್ನ ಕೆರದು ತಗದ್ನೆಪ್ಪಾ. ದೇವಿ ಮುಂದ ಹೆಣದ ತಲಿ ಇಡ್ತಾರೇನು? ನಿಮ್ಮ ಕಾಕಾಗ ಅಷ್ಟೂ ತಿಳಿಯಂಗಿಲ್ಲ. ಒಳಗೂ ನೀರು ಹಾಕಿ ತಿರುವಿ ಚೊಕ್ಕ ಮಾಡೀನಿ."

ಸಾಲಿನಲ್ಲಿ ಉಳಿದಿದ್ದ ಡ್ರಮ್ಮುಗಳನ್ನೆಲ್ಲ ಎತ್ತಿ ನೋಡಿದೆ. ಪಟ್ಟಿಯ ಗುರುತು ಇರುವುದು ಒಂದೇ ಸಿಕ್ಕಿತು. ಮೂಗು ಹತ್ತಿರ ತಂದರೆ ಊದುಬತ್ತಿಯ ವಾಸನೆಯ ಕೆಳಗೆ ಆ ಇನ್ನೊಂದು ವಾಸನೆ ಇತ್ತು, ಗಂಟಲಿನ ಹಿಂದೆ ಹೋಗಿ ಕೂರುವಂಥದ್ದು. ಇನ್ನೊಂದು ಡ್ರಮ್ಮು ಮಾರಿಹೋಗಿತ್ತು.

ಕಾಕಾಗೆ ಹೇಳಿದೆ. ಹತ್ತಿರ ಇದ್ದ ಡ್ರಮ್ಮಿನ ಮೇಲೆ ಕುಳಿತರು, ಮತ್ತೆ ಅದೇ ಡ್ರಮ್ಮೇನೋ ಎನ್ನುವಂತೆ ತಟ್ಟನೆ ಎದ್ದರು. ನಾನು ಪೊಲೀಸರಿಗೆ ಹೇಳೋಣ, ಓಣಿ ಓಣಿಯಲ್ಲಿ ಡಬ್ಬ ಬಡಿದು ಸಾರೋಣ ಎಂದೆ.

"ಮಾಸ್ತರ, ಸಮಾಧಾನ," ಎಂದರು. ರಾತ್ರಿ ಶಾಲೆಗೆ ಹೋಗುತ್ತಿದ್ದೆನೆಂದು ವಖಾರದಲ್ಲಿ ನನ್ನನ್ನು ಹಾಗೆ ಕರೆದು ಚೇಷ್ಟೆ ಮಾಡುತ್ತಿದ್ದರು. ಅವತ್ತು ಅದು ಚೇಷ್ಟೆಯಂತೆ ಕೇಳಲಿಲ್ಲ. "ವಿಷ ಅಂತ ಒಂದು ಮಾತು ಓಣ್ಯಾಗ ಬಿದ್ರ ನಾಳೆ ಮುನಸಿಪಾಲ್ಟಿ ಗಾಡಿ ಬಂದು ನಿಂದರ್ತೈತಿ. ನಂದೊಂದ ಅಲ್ಲ, ಇಡೀ ಸಾಲು ಮುಚ್ಚಸ್ತಾರ. ಇಷ್ಟು ಮನಿ ಒಲಿ ಹ್ಯಾಂಗ ಉರೀಬೇಕು? ಹುಡುಕೋಣು. ಸುಮ್ಮನ ಹುಡುಕೋಣು."

ಅವರು ಹೇಳಿದ್ದು ಸುಳ್ಳಲ್ಲ. ಓಣಿ ಖಾಲಿ ಮಾಡಿಸುವ ಮಾತು ಆಗಲೇ ನಡೆದಿತ್ತು. ನಾನು ಹೇಳಿದ್ದೂ ಸುಳ್ಳಲ್ಲ. ಯಾವ ಮನೆಯಲ್ಲೋ ಯಾರೋ ಆ ಹೊತ್ತಿಗೆ ಆ ಡ್ರಮ್ಮಿನಿಂದ ತಂಬಿಗೆ ತುಂಬಿಸಿಕೊಳ್ಳುತ್ತಿರಬಹುದು. ಆದರೂ ಅವರ ಹಿಂದೆಯೇ ಹೊರಟೆ.

ಹಬ್ಬ ಇನ್ನೂ ಇಳಿದಿರಲಿಲ್ಲ. ಹೋದ ಮನೆಯಲ್ಲೆಲ್ಲ ಬನ್ನಿ ಕೊಡುತ್ತಿದ್ದರು. ಬನ್ನಿ ತಗೊಂಡು ಬಂಗಾರದಂಗ ಇರೋಣು ಎಂದು ಕಾಕಾನ ಕಾಲು ಮುಟ್ಟುತ್ತಿದ್ದರು. ಕಾಕಾ ತಲೆಯ ಮೇಲೆ ಕೈ ಇಟ್ಟು ಹರಸಿ, ಡ್ರಮ್ಮು ಸೋರುತ್ತದೇನೋ ನೋಡಿಹೋಗಲು ಬಂದೆ ಎನ್ನುತ್ತಿದ್ದರು. ಅವರು ಹೊರಗೆ ಮಾತಿಗೆ ನಿಂತರೆ ನಾನು ಒಳಗೆ ಬಾಗಿ ಮೂಸುತ್ತಿದ್ದೆ. ಒಂದೊಂದು ಸಲವೂ ಬಾಗುವಾಗ ಇದೇ ಇರಲಿ ಎಂದೂ ಅನಿಸುತ್ತಿತ್ತು, ಇದು ಬೇಡ ಎಂದೂ ಅನಿಸುತ್ತಿತ್ತು. ಏಕೆಂದರೆ ಅಲ್ಲಿ ಮಕ್ಕಳು ಆಡುತ್ತಿದ್ದವು. ಒಂದು ಮನೆಯಲ್ಲಿ, ಮಾಹೀಮಿನ ಕಡೆಯ ಉಡುಪಿ ಹೋಟೆಲಿನಲ್ಲಿ ಪಾತ್ರೆ ತೊಳೆಯುವ ಐತ ಎಂಬವನು ನನ್ನನ್ನು ನೋಡಿ ನಕ್ಕುಬಿಟ್ಟ.

"ಎಂತ ಮಾರಾಯ, ಡ್ರಮ್ಮಿಗೆ ಜ್ವರವಾ? ಮೂಗು ಹಾಕಿ ನೋಡುದು?"

ನಾನೂ ನಗಬೇಕಾಯಿತು.

ಮಧ್ಯಾಹ್ನದ ಹೊತ್ತಿಗೆ ಧಾರಾವಿಯಲ್ಲಿ ಮಾರಿದವೆಲ್ಲ ಸಿಕ್ಕವು. ಅವುಗಳಲ್ಲಿ ಅದು ಇರಲಿಲ್ಲ. ಉಳಿದದ್ದು ಒಂದು. ಕಾಕಾಗೆ ನೆನಪಿತ್ತು. ಸಿಂದಗಿ ಕಡೆ ಮಾತಾಡುವ ಹೆಂಗಸು, ಹೆಸರು ಮಲ್ಲಕ್ಕ, ವಿಲೆ ಪಾರ್ಲೆಯಲ್ಲಿ ಕಾಲೇಜಿನ ಹಿಂದೆ ಏಳುತ್ತಿರುವ ಬಿಲ್ಡಿಂಗಿನಲ್ಲಿ ಗಾರೆ ಹೊರುವವಳು. ಖಾಲಿ ಹೋಗುತ್ತಿದ್ದ ಮರಳಿನ ಲಾರಿಯ ಮೇಲೆ ಡ್ರಮ್ಮು ಏರಿಸಿಕೊಂಡು ಹೋಗಿದ್ದಳು. ಹೋಗುವಾಗ ಡ್ರಮ್ಮಿಗೆ ಕೈಮುಗಿದಿದ್ದಳಂತೆ.

ಮಾಹೀಮಿನಲ್ಲಿ ಲೋಕಲ್ ಹತ್ತಿದೆವು. ಕಾಕಾ ಬಾಗಿಲ ಹತ್ತಿರ ನಿಂತು ಹೊರಗೇ ನೋಡುತ್ತಿದ್ದರು. ಬಾಂದ್ರಾ ದಾಟಿದ ಮೇಲೆ ನಾನು ಮೆಲ್ಲಗೆ ಕೇಳಿದೆ, ಅಲ್ಲಿ ಹೋಗಿ ಏನು ಹೇಳುತ್ತೀರಿ ಎಂದು. ತಳದಲ್ಲಿ ತೂತಿದೆ, ಬೇರೆ ಒಳ್ಳೆಯದು ಕೊಡುತ್ತೇನೆ ಎನ್ನುವುದಾಗಿ ಹೇಳಿದರು. ಆ ಮನೆಯವರು ಆಗಲೇ ಕುಡಿದುಬಿಟ್ಟಿದ್ದರೆ ಎಂದೆ.

ಆಗಿನ ನನ್ನ ಮನಸ್ಸಿನಲ್ಲಿ ಓಡಿದ್ದನ್ನೂ ಹೇಳಿಬಿಡುತ್ತೇನೆ. ದೇಶದ ಪ್ರಗತಿ ಎಂಬ ವಿಷಯದ ಮೇಲೆ ನಮ್ಮ ಶಾಲೆಯಲ್ಲಿ ನಿಬಂಧ ಬರೆಸಿದ್ದರು. ಹುಳದ ಔಷಧದಿಂದ ಬೆಳೆ ಹೆಚ್ಚುತ್ತದೆ, ಬೆಳೆಯಿಂದ ಹಸಿವು ನೀಗುತ್ತದೆ, ಕಾರ್ಖಾನೆಯಿಂದ ಕೈಗೆ ಕೆಲಸ ಸಿಗುತ್ತದೆ ಎಂದು ನಾನು ಬರೆದಿದ್ದೆ. ಇವತ್ತಿಗೂ ಅದೆಲ್ಲ ತಪ್ಪೆಂದು ಹೇಳಲಾರೆ. ಆ ಕಾರ್ಖಾನೆಗಳ ಡ್ರಮ್ಮಿನಿಂದಲೇ ನಾನು ಊಟ ಮಾಡಿದವನು. ಆದರೆ ಔಷಧ ಖಾಲಿಯಾದ ಡ್ರಮ್ಮು ಎಲ್ಲಿಗೆ ಹೋಗಬೇಕು ಎಂಬುದು ಆ ನಿಬಂಧದಲ್ಲಿ ಎಲ್ಲೂ ಇರಲಿಲ್ಲ. ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಬಿಲ್ಡಿಂಗು ಬಿದಿರಿನ ಸಾರುವೆಯ ನಡುವೆ ಎತ್ತರಕ್ಕೆ ಎದ್ದಿತ್ತು. ಹೆಂಗಸರು ಸಿಂಬಿಯ ಮೇಲೆ ಬುಟ್ಟಿ ಹೊತ್ತು ಸಾಲಾಗಿ ಹತ್ತುತ್ತಿದ್ದರು. ಗಾರೆ ಕಲೆಸಲು ಟ್ಯಾಂಕರಿನ ನೀರು ಬಂದು ಹೊಂಡದಲ್ಲಿ ನಿಂತಿತ್ತು, ಹಸಿರುಗಟ್ಟಿತ್ತು. ಕುಡಿಯುವ ನೀರಿಗೆ ಮಾತ್ರ ಪಕ್ಕದ ಸೊಸೈಟಿ ಮನೆಗಳ ಕಾವಲುಗಾರ ಕಣ್ಣು ಬಿಡುವ ಮೊದಲು ಅಲ್ಲಿಯ ನಳಕ್ಕೆ ಹೋಗಬೇಕು. ಕೂಲಿಯವರ ಮೇಲೆ ನಿಗಾ ಇಡುವ ಮುಕಾದಮ ಧರ್ಮಣ್ಣ ನಮ್ಮ ಮಾತು ಕೇಳಿ ಊರಿನವರೆಂದು ಖುಷಿಪಟ್ಟ. ಹಿಂದಿನ ತಗಡಿನ ಜೋಪಡಿಗಳ ಕಡೆ ಕೈ ತೋರಿಸಿ, ಮಲ್ಲಕ್ಕ ಇವತ್ತು ಕೆಲಸಕ್ಕೆ ಬಂದಿಲ್ಲ, ತಲೆ ಸುತ್ತು ಎಂದು ಮಲಗಿದ್ದಾಳೆ ಎಂದ. ಹಬ್ಬದ ಹೋಳಿಗೆ ಹೆಚ್ಚಾಗಿದೆ ಎಂದು ನಕ್ಕ.

ಕಾಕಾ ನನ್ನ ಮುಖ ನೋಡಲಿಲ್ಲ.

ಡ್ರಮ್ಮು ಬಾಗಿಲ ಪಕ್ಕದಲ್ಲಿಯೇ ಇತ್ತು. ತಂಪಿರಲೆಂದು ಒದ್ದೆ ಗೋಣಿ ಸುತ್ತಿದ್ದರು. ವಿಭೂತಿಯ ಮೇಲೆ ಹೊಸದಾಗಿ ಕುಂಕುಮ ಹಚ್ಚಿ, ಬನ್ನಿ ಎಲೆ ಸಿಕ್ಕಿಸಿದ್ದರು. ಮೂಸಲು ಬಾಗಬೇಕಾಗಲಿಲ್ಲ. ಬಾಯಿಯ ಕೆಳಗೆ ಪಟ್ಟಿ ಬಿಗಿಯುತ್ತಿದ್ದ ಗೆರೆ ನನಗೆ ನಿಂತಲ್ಲಿಂದಲೇ ಕಂಡಿತು.

ಮಲ್ಲಕ್ಕ ಎದ್ದು ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ಕಣ್ಣು ಕೆಂಪಾಗಿತ್ತು. ಕಾಕಾನ ಗುರುತು ಹಿಡಿದು ಸೆರಗು ಸರಿಮಾಡಿಕೊಂಡಳು. ಕಾಕಾ ತೂತಿನ ಮಾತು ತೆಗೆದರು. ಆಕೆ ಡ್ರಮ್ಮಿನ ಸುತ್ತ ನೆಲ ತೋರಿಸಿದಳು. ಅಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಬೇರೆ ದೊಡ್ಡದು ಕೊಡುತ್ತೇನೆ, ಇವತ್ತೇ ಕಳಿಸುತ್ತೇನೆ ಎಂದರು ಕಾಕಾ. ಆಕೆಗೆ ಸಂಶಯ ಬಂತು. ಹಬ್ಬದ ದಿನ ಮನೆಗೆ ಬಂದದ್ದನ್ನು ಹೊರಗೆ ಕೊಡುವುದಿಲ್ಲ ಎಂದಳು. ನೀರು ಚೆಲ್ಲಿದರೆ ನಾಳೆ ಬೆಳಗಿನವರೆಗೆ ಇಷ್ಟು ಜನ ಏನು ಕುಡಿಯಬೇಕು ಎಂದಳು. ಕೆಲಸದ ಹೆಂಗಸರೆಲ್ಲ ಈ ಡ್ರಮ್ಮಿನಿಂದಲೇ ತುಂಬಿಸಿಕೊಳ್ಳುತ್ತಾರೆ ಎಂಬುದು ಹಾಗೆ ತಿಳಿಯಿತು. ಕಾಕಾ ಹಣೆ ಒರೆಸಿಕೊಳ್ಳುತ್ತ ನಿಂತರು. ನನ್ನ ಬಾಯಿಗೆ ಆ ಮಾತು ಬಂದು ಬಂದು ಹಿಂದೆ ಹೋಗುತ್ತಿತ್ತು. ಹಿರಿಯರು ಮಾತಾಡುವಲ್ಲಿ ಮೀರಿ ಆಡಿ ಅಭ್ಯಾಸವಿರಲಿಲ್ಲ.

ಆಗ ಆಕೆಗೆ ಏನೋ ನೆನಪಾದಂತೆ ಆಯಿತು. ಮನೆಗೆ ಬಂದವರನ್ನು ನಿಲ್ಲಿಸಿಯೇ ಮಾತಾಡಿದೆನಲ್ಲ ಎಂಬ ನಾಚಿಕೆ ಮುಖದ ಮೇಲೆ ಕಂಡಿತು. ಒಳಗಿನಿಂದ ಒಂದು ಚೂರು ಬೆಲ್ಲ ತಂದಳು. ಹಿತ್ತಾಳೆಯ ತಂಬಿಗೆಯನ್ನು ಡ್ರಮ್ಮಿನೊಳಗೆ ಅದ್ದಿ, ತುಂಬಿ, ಹೊರಗೆ ಒರೆಸಿ, ಎರಡೂ ಕೈಯಿಂದ ಕಾಕಾನ ಮುಂದೆ ಹಿಡಿದಳು.

"ತಗೋರಿ ಕಾಕಾ. ನಿಮ್ಮ ಡ್ರಮ್ಮಿನ ನೀರ. ಒಂದು ಸ್ವಲ್ಪ ವಾಸನಿ ಬರತೈತಿ, ಹೊಸಾದು ಎರಡು ದಿನ ಹಂಗ ಇರತೈತಿ ಅಂತ ನೀವ ಹೇಳಿದ್ರಲ್ಲ."

ಕಾಕಾ ತಂಬಿಗೆ ಕೈಗೆ ತೆಗೆದುಕೊಂಡರು. ನಮ್ಮ ಕಡೆ ಕೊಟ್ಟ ನೀರನ್ನು ಬೇಡ ಎನ್ನುವ ಪದ್ಧತಿ ಇಲ್ಲ. ಬೇಡ ಎಂದರೆ ನಿಮ್ಮ ಮನೆಯ ನೀರು ನಮಗೆ ನಡೆಯುವುದಿಲ್ಲ ಎಂದಂತೆ, ಕುಲ ಹಿಡಿದು ಬೈದಂತೆ. ಅದನ್ನು ಆ ಹೆಂಗಸಿಗಿಂತ ಚೆನ್ನಾಗಿ ಬಲ್ಲವರು ಯಾರು? ಆಕೆ ಕಾಯುತ್ತ ನಿಂತಳು. ತಡವಾದಷ್ಟೂ ಅವಳ ಮುಖ ಬಿಗಿಯುತ್ತ ಬಂತು. ಕಾಕಾ ಅದನ್ನು ತುಟಿಯ ತನಕ ಒಯ್ದರು. ಅವರು ಕುಡಿದೇಬಿಡುತ್ತಾರೆಂದು ನನಗೆ ಅನಿಸಿತು. ನಾನು ಅವರ ಮೊಣಕೈ ಹಿಡಿದೆ. ನಾನು ಹಿಡಿದದ್ದರಿಂದ ನಿಂತರೋ, ತಾವೇ ನಿಂತರೋ ತಿಳಿಯದು.

"ಬ್ಯಾಡವ್ವ," ಎಂದರು. ದನಿ ಬಹಳ ಸಣ್ಣದಾಗಿತ್ತು. "ಇದರಾಗ ವಿಷ ಐತಿ. ಹುಳದ ಔಷಧದ ಡ್ರಮ್ಮು ಇದು. ನಾನ ಮಾರೀನಿ. ನೀ ಎಷ್ಟು ಕುಡದಿ ಹೇಳು."

ಮಲ್ಲಕ್ಕ ಕಿರುಚಲಿಲ್ಲ. ಕಾಕಾನ ಕೈಯಿಂದ ತಂಬಿಗೆ ತೆಗೆದುಕೊಂಡು, ಜೋಪಾನವಾಗಿ ನೆಲದ ಮೇಲಿಟ್ಟು, ಬಿಲ್ಡಿಂಗಿನ ಕಡೆ ತಿರುಗಿ ಒಬ್ಬೊಬ್ಬರ ಹೆಸರು ಹಿಡಿದು ಕರೆಯತೊಡಗಿದಳು. ಮೇಲೆ ಬುಟ್ಟಿಗಳ ಸಾಲು ನಿಂತಿತು.

ಮುಂದಿನದು ಗದ್ದಲದಲ್ಲಿ ನಡೆಯಿತು. ಧರ್ಮಣ್ಣ ಮೊದಲು ಕಾಕಾನ ಅಂಗಿ ಹಿಡಿದ, ಆಮೇಲೆ ಬಿಟ್ಟು, ಹೆಂಗಸರನ್ನು ಆಸ್ಪತ್ರೆಗೆ ಒಯ್ಯಲು ಮರಳಿನ ಲಾರಿ ಖಾಲಿ ಮಾಡಿಸಿದ. ಡ್ರಮ್ಮಿನ ನೀರನ್ನು ಎಲ್ಲಿ ಚೆಲ್ಲುವುದು ಎಂದು ಯಾರಿಗೂ ತಿಳಿಯಲಿಲ್ಲ. ಗಟಾರಿಗೆ ಚೆಲ್ಲಿದರೆ ಗಟಾರ ಎಲ್ಲಿಗೆ ಹೋಗುತ್ತದೆ? ಕೊನೆಗೆ ಯಾರೂ ಮುಟ್ಟದಂತೆ ತಗಡು ಮುಚ್ಚಿ, ಕಲ್ಲು ಹೇರಿ ಬಿಟ್ಟರು. ಆ ನೀರು ಆಮೇಲೆ ಏನಾಯಿತೋ ನಾನು ನೋಡಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರರು ಕೇಳಿದ್ದು ಒಂದೇ ಮಾತು: ಡ್ರಮ್ಮಿನಲ್ಲಿ ಇದ್ದ ಔಷಧದ ಹೆಸರೇನು? ಹೆಸರು ಗೊತ್ತಾದರೆ ಅದಕ್ಕೆ ತಕ್ಕ ಮದ್ದು ಕೊಡಬಹುದು ಎಂದರು. ಹೆಸರು ಇದ್ದ ಕಾಗದ ನಮ್ಮ ವಖಾರದ ಗಟಾರದಲ್ಲಿ ಬೂದಿಯ ಜೊತೆ ಹೋಗಿತ್ತು. ಕಾಕಾ ನನ್ನನ್ನು ಅಲ್ಲಿಂದಲೇ ಚೆಂಬೂರಿಗೆ ಓಡಿಸಿದರು. ಕಾರ್ಖಾನೆಯ ಗೇಟಿನವರು ಒಳಗೆ ಬಿಡಲಿಲ್ಲ. ಬಹಳ ಹೊತ್ತು ಕಾದ ಮೇಲೆ ಒಬ್ಬ ಸಾಹೇಬರು ಹೊರಬಂದು, ನಮ್ಮ ಖಾಲಿ ಡ್ರಮ್ಮು ಹೊರಗೆ ಹೋಗುವುದೇ ಇಲ್ಲ, ನೀವು ಬೇರೆ ಯಾರದ್ದೋ ಹೇಳುತ್ತಿದ್ದೀರಿ ಎಂದು ಇಂಗ್ಲಿಷು ಹಿಂದಿ ಬೆರೆಸಿ ಸಮಾಧಾನವಾಗಿಯೇ ಹೇಳಿದರು. ಅವರ ಹಿಂದೆ ಗೋಡೆಯ ಪಕ್ಕ ಅಂಥವೇ ಡ್ರಮ್ಮುಗಳು ಆಳೆತ್ತರ ಪೇರಿಸಿದ್ದವು. ನಾನು ಬೆರಳು ಮಾಡಿ ತೋರಿಸಿದೆ. ಅವರು ಆ ಕಡೆ ತಿರುಗಲಿಲ್ಲ. ಇನ್ನೂ ಗಟ್ಟಿಯಾಗಿ ಕೇಳಬೇಕಿತ್ತು ಎಂದು ಈಗ ಅನಿಸುತ್ತದೆ. ಗಟ್ಟಿಯಾಗಿ ಕೇಳಿದ್ದರೆ ಹೇಳುತ್ತಿದ್ದರೇ ಎಂಬುದೂ ಖಾತ್ರಿಯಿಲ್ಲ.

ಮಲ್ಲಕ್ಕ ಮತ್ತು ಉಳಿದ ಹೆಂಗಸರು ಕೆಲವು ದಿನ ಮಲಗಿ ಎದ್ದರು. ಸುಂದ್ರವ್ವ ಕಾಕುವಿನ ಕೈಯೂ ಮಾಯಿತು. ಆದರೆ ಆಕೆ ತಿಂಗಳುಗಟ್ಟಲೆ ದೇವರ ಮುಂದೆ ಕೂರಲಿಲ್ಲ. ಕಾಕಾ ಹೆದರಿದ್ದ ಗಾಡಿ ಬಂತು, ಓಣಿಯ ವಖಾರಗಳು ಮುಚ್ಚಿದವು, ಸ್ವಲ್ಪ ಕಾಲದ ನಂತರ ಒಂದೊಂದಾಗಿ ತೆರೆದವು. ನಳ ಬಂದಿರಲಿಲ್ಲವಲ್ಲ, ಜನಕ್ಕೆ ಡ್ರಮ್ಮು ಬೇಕೇ ಬೇಕು. ಕಾಕಾ ಮಾತ್ರ ನೀರಿನ ಡ್ರಮ್ಮು ಮಾರುವುದನ್ನು ನಿಲ್ಲಿಸಿ ಬರೀ ತಗಡು ಕಡಿದರು. ನಮ್ಮಲ್ಲಿ ಅರ್ಧ ಜನಕ್ಕೆ ಕೆಲಸ ಹೋಯಿತು. ಅವರು ಬಿಟ್ಟ ಗಿರಾಕಿಗಳು, ಅವರಷ್ಟು ತೊಳೆಯದವರ ಹತ್ತಿರ ಹೋದರು. ಇದರಲ್ಲಿ ಒಳ್ಳೆಯದು ಯಾವುದೆಂದು ನನಗೆ ಹೇಳಲು ಬರುವುದಿಲ್ಲ.

ಒಬ್ಬಳ ವಿಷಯ ಉಳಿದಿದೆ. ಮಲ್ಲಕ್ಕ ಅವತ್ತು ಹೆಸರು ಹಿಡಿದು ಕರೆದಾಗ ಒಂದು ಹೆಸರಿಗೆ ಯಾರೂ ಓಗೊಡಲಿಲ್ಲ. ಅಂಬವ್ವ ಎಂಬ ಹುಡುಗಿ, ಮದುವೆಯಾಗಿ ವರ್ಷವೂ ಆಗಿರಲಿಲ್ಲ, ಬಸುರಿ. ಬೆಳಗಿನಿಂದ ವಾಂತಿ ಎಂದು ಗಂಡ ಅವಳನ್ನು ಊರಿಗೆ ಕರೆದುಕೊಂಡು ಹೊರಟಿದ್ದ. ನಾವು ಪಾರ್ಲೆಗೆ ಬರುವ ಹೊತ್ತಿಗೆ ಅವರು ರೈಲು ಹತ್ತಿಯಾಗಿತ್ತು. ಬಸುರಿಗೆ ವಾಂತಿ ಸಹಜವೆಂದು ಯಾರೂ ತಡೆದಿರಲಿಲ್ಲ. ಊರು ಯಾವುದೆಂದರೆ ಧರ್ಮಣ್ಣನಿಗೆ ಸಿಂದಗಿಯ ಆಚೆ ಎಂಬುದಷ್ಟೇ ಗೊತ್ತಿತ್ತು. ಮಲ್ಲಕ್ಕ ಒಂದು ಹಳ್ಳಿಯ ಹೆಸರು ಹೇಳಿದಳು. ಕಾಕಾ ತಾವೇ ಅಲ್ಲಿಗೆ ಹೋದರು. ಆ ಹಳ್ಳಿಯಲ್ಲಿ ಅಂಥವರು ಯಾರೂ ಇರಲಿಲ್ಲ. ಮುಂದೆ ಆ ಗಂಡ ಹೆಂಡತಿ ಮುಂಬಯಿಯ ಯಾವ ಕೆಲಸಕ್ಕೂ ಬಂದದ್ದನ್ನು ನಮ್ಮವರು ಕಂಡಿಲ್ಲ. ಊರ ಕಡೆಯವರು ಯಾರು ಸಿಕ್ಕರೂ ನಾನು ಕೇಳಿದ್ದೇನೆ.

ಅವಳಿಗಿದ್ದದ್ದು ಬಸುರಿನ ವಾಂತಿಯೋ, ಡ್ರಮ್ಮಿನ ನೀರಿನದೋ ನನಗೆ ಗೊತ್ತಿಲ್ಲ. ಅವಳು ಊರು ಮುಟ್ಟಿದಳೋ, ಕೂಸು ಹುಟ್ಟಿತೋ, ಅದೂ ಗೊತ್ತಿಲ್ಲ. ಆ ಡ್ರಮ್ಮಿನಲ್ಲಿ ಇದ್ದದ್ದು ಏನು ಎಂಬುದನ್ನು ನಮಗೆ ಇಂದಿನವರೆಗೆ ಯಾರೂ ಹೇಳಿಲ್ಲ.